ದೊಡ್ಡ ನಕ್ಷೆಗಳನ್ನು ಅಳತೆ ಕೆಡದಂತೆ ಕಂಪ್ಯೂಟರಿಗೆ ಇಳಿಸುವುದು: ನನ್ನ ಅನುಭವ

ಯಾರಾದರೂ ಕಟ್ಟಡಗಳ ಹಳೆಯ ನಕ್ಷೆಗಳ ಸುರುಳಿ ತಂದುಕೊಟ್ಟರೆ ನಾನು ಮೊದಲು ಕೇಳುವುದು, "ಇದನ್ನು ಮುಂದೆ ಯಾವುದಕ್ಕೆ ಬಳಸುತ್ತೀರಿ?" ಎಂದು. ದಾಖಲೆಗಷ್ಟೇ ಸಾಕು ಎಂದರೆ ಕೆಲಸ ಹಗುರ. ಇದರ ಮೇಲೇ ಹೊಸ ವಿನ್ಯಾಸ ಮಾಡಬೇಕು, ಕಟ್ಟಡ ವಿಸ್ತರಿಸಬೇಕು ಎಂದರೆ ಗೆರೆಗಳು ಸ್ಪಷ್ಟವಾಗಿ ಕಂಡರೆ ಸಾಲದು, ಅಳತೆಯೂ ಉಳಿಯಬೇಕು. ನನ್ನ ಹೆಚ್ಚಿನ ಹೊತ್ತು ಹೋಗುವುದು ಅದಕ್ಕೇ.

ಸುತ್ತಿಟ್ಟು ಹಳತಾದ ಟ್ರೇಸಿಂಗ್ ಪೇಪರನ್ನು ಉಲ್ಟಾ ಸುತ್ತಿ ನೆಟ್ಟಗೆ ಮಾಡಲು ಹೋಗಬೇಡಿ, ಸೀಳುತ್ತದೆ. ಹರಡಿ, ಅಂಚುಗಳ ಮೇಲೆ ಭಾರವಿಟ್ಟು ಒಂದು ರಾತ್ರಿ ಬಿಡುತ್ತೇನೆ. ಹರಿದದ್ದನ್ನು ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟೇ ಸ್ಕ್ಯಾನರಿಗೆ ಕೊಡುವುದು. ಹಳೆಯ ಟೇಪಿನ ಅಂಟು ಗಾಜಿಗೆ ಒಂದು ಚುಕ್ಕೆಯಷ್ಟು ಹತ್ತಿದರೂ ನಕ್ಷೆಯ ಉದ್ದಕ್ಕೂ ಒಂದು ಸುಳ್ಳು ಗೆರೆ ಬೀಳುತ್ತದೆ. ಹಾಳೆಯ ಹಿಂಬದಿಯನ್ನೂ ನೋಡುತ್ತೇನೆ. ಕೆಲವೊಮ್ಮೆ ಪೆನ್ಸಿಲ್ ಟಿಪ್ಪಣಿಗಳಿರುತ್ತವೆ.

ಸಾಮಾನ್ಯ ನಕ್ಷೆಗೆ 300 ಡಿಪಿಐ, ಅಂದರೆ ಒಂದು ಅಂಗುಲಕ್ಕೆ 300 ಚುಕ್ಕೆ, ಸಾಕು. ಸಣ್ಣ ಕೈಬರಹವಿದ್ದರೆ 400. ಎ0 ಹಾಳೆ, ಅಂದರೆ 841 × 1189 ಮಿಲಿಮೀಟರ್, 300ರಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಕುಗ್ಗಿಸುವ ಮೊದಲು ಸುಮಾರು 400 ಎಂಬಿ ಆಗುತ್ತದೆ. ಬರಿಯ ಕಪ್ಪು-ಬಿಳುಪಿನಲ್ಲಿ 17 ಎಂಬಿ ಆಸುಪಾಸು. ಹಾಗೆಂದು ಮಾಸಿದ ಅಮೋನಿಯಾ ಪ್ರಿಂಟನ್ನು (ಅಮೋನಿಯಾ ಆವಿಯಿಂದ ಗೆರೆ ಮೂಡಿಸಿದ ಹಳೆಯ ಕಾಲದ ನಕಲು) ನೇರ ಕಪ್ಪು-ಬಿಳುಪಿಗೆ ಹಾಕಿದರೆ ತೆಳು ಗೆರೆಗಳು ಮಾಯವಾಗುತ್ತವೆ. ಅಂಥವನ್ನು ಬಣ್ಣದಲ್ಲೇ ತೆಗೆದು, ಆಮೇಲೆ ಹಿನ್ನೆಲೆ ತಿಳಿಗೊಳಿಸುತ್ತೇನೆ.

ಇನ್ನು ಅಳತೆ. ದೊಡ್ಡ ಸ್ಕ್ಯಾನರಿನಲ್ಲಿ ಹಾಳೆಯನ್ನು ರೋಲರ್ ಎಳೆಯುತ್ತದೆ. ಅದು ಸ್ವಲ್ಪ ಜಾರಿದರೂ ಅಗಲ ಸರಿಯಿದ್ದು ಉದ್ದ ಮಾತ್ರ ಕೆಡುತ್ತದೆ. 1:100ರ ನಕ್ಷೆಯಲ್ಲಿ 2 ಮಿ.ಮೀ. ತಪ್ಪಿದರೆ ಕಟ್ಟಡದಲ್ಲಿ 200 ಮಿ.ಮೀ., ಒಂದು ಗೋಡೆಯ ದಪ್ಪದಷ್ಟು. ಸಾಲದ್ದಕ್ಕೆ ಕಾಗದವೇ ತೇವಕ್ಕೆ ಹಿಗ್ಗಿ, ಒಣಗಿ ಕುಗ್ಗಿರುತ್ತದೆ. ಆದ್ದರಿಂದ ಅಡ್ಡ ಒಂದು, ಉದ್ದ ಒಂದು, ಆದಷ್ಟು ದೂರದ ಎರಡು ಅಳತೆಗಳನ್ನು ಆರಿಸಿ, ನಕ್ಷೆಯಲ್ಲಿ ಬರೆದ ಅಂಕಿಗೆ ತಾಳೆಯಾಗುವಂತೆ ಎರಡೂ ದಿಕ್ಕನ್ನು ಬೇರೆಬೇರೆಯಾಗಿ ಸರಿಪಡಿಸುತ್ತೇನೆ. ನಡುವೆ ಮಡಿಕೆ ಬಿದ್ದಿದ್ದರೆ ಅದರ ಆಚೀಚೆಯ ಕಂಬಗಳ ಅಂತರವನ್ನೂ ನೋಡಲೇಬೇಕು.

ಸಾಫ್ಟ್‌ವೇರ್ ತಾನೇ ಗೆರೆ ಗುರುತಿಸಿ ಕೊಡುವ ಸೌಲಭ್ಯವನ್ನು ನಾನು ಹೆಚ್ಚು ನಂಬುವುದಿಲ್ಲ. ತುಂಡುಗೆರೆ ನೂರಾರು ಚೂರಾಗುತ್ತದೆ, ವೃತ್ತ ಬಹುಭುಜವಾಗುತ್ತದೆ. ಸ್ಕ್ಯಾನನ್ನು ಹಿನ್ನೆಲೆಯಲ್ಲಿಟ್ಟು, ಗೋಡೆ, ಕಂಬ, ಬಾಗಿಲು, ಅಳತೆಗಳಿಗೆ ಬೇರೆಬೇರೆ ಲೇಯರ್ (ಒಂದರ ಮೇಲೊಂದು ಕೂರುವ ಪಾರದರ್ಶಕ ಪದರ) ಮಾಡಿ ಕೈಯಿಂದಲೇ ಎಳೆಯುತ್ತೇನೆ. ಅಂಕಿಗಳಲ್ಲಿ 3 ಮತ್ತು 8 ತುಂಬ ಕಾಡುತ್ತವೆ. ಕಂಬದಿಂದ ಕಂಬಕ್ಕೆ ಮಿ.ಮೀ. ಲೆಕ್ಕದಲ್ಲಿ 3600, ಆಮೇಲೆ 2350ಓ 2850ಓ ತಿಳಿಯದ ಒಂದು, ನಂತರ 4150 ಇದೆ ಎನ್ನಿ. ಕೆಳಗಿನ ಒಟ್ಟು ಅಳತೆ 10600 ಎಂದಿದ್ದರೆ ನಡುವಿನದು 2850 ಎಂದು ಖಚಿತ. ಮೂಲದಲ್ಲೇ ಕೂಡಿಕೆ ತಪ್ಪಿದ್ದರೆ ನಾನಾಗಿ ತಿದ್ದುವುದಿಲ್ಲ. ಪ್ರತ್ಯೇಕ ಲೇಯರಿನಲ್ಲಿ ಗುರುತು ಹಾಕಿ ಗ್ರಾಹಕರನ್ನು ಕೇಳುತ್ತೇನೆ. ಕಟ್ಟಿದವರು ಯಾವುದನ್ನು ಅನುಸರಿಸಿದರೋ ಅದು ಸ್ಥಳದಲ್ಲಿ ಅಳೆದರೇ ಗೊತ್ತಾಗುವುದು.

ಕೊಡುವಾಗ ಮೂಲ ಸ್ಕ್ಯಾನ್ ಟಿಫ್‌ನಲ್ಲಿ, ನೋಡಲು ಪಿಡಿಎಫ್, ಕೆಲಸಕ್ಕೆ ಡಿಡಬ್ಲ್ಯುಜಿ (ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಕ್ಯಾಡ್ ತಂತ್ರಾಂಶದ ಕಡತ). ಕಡತದ ಹೆಸರಿನಲ್ಲಿ ನಕ್ಷೆಯ ಸಂಖ್ಯೆ ಮತ್ತು ಪರಿಷ್ಕರಣೆಯ ಅಕ್ಷರ ಇರಲೇಬೇಕು, ಇಲ್ಲದಿದ್ದರೆ ಹಳೆಯ ಆವೃತ್ತಿಯನ್ನೇ ಹಿಡಿದು ಯಾರೋ ಕೆಲಸ ಶುರುಮಾಡಿಬಿಡುತ್ತಾರೆ. ಕೊನೆಗೆ ಪಿಡಿಎಫ್ ಅನ್ನು ಹಾಳೆಗೆ ಹೊಂದಿಸುವ ಆಯ್ಕೆ ತೆಗೆದು ನಿಜ ಗಾತ್ರದಲ್ಲಿ ಮುದ್ರಿಸಿ, ಉಕ್ಕಿನ ಅಳತೆಪಟ್ಟಿ ಇಟ್ಟು ನೋಡುತ್ತೇನೆ. ಅದು ತಾಳೆಯಾದ ಮೇಲೆಯೇ ಗ್ರಾಹಕರಿಗೆ ಕಳಿಸುವುದು.