ಕಲಬುರಗಿಯಲ್ಲಿ ಫಾರ್ಚೂನರ್‌ಗೆ ಏರ್ ಸಸ್ಪೆನ್ಷನ್ ಹಾಕಿದ ಅನುಭವ

ದೊಡ್ಡ ಎಸ್‌ಯುವಿಯನ್ನು ಕೆಳಗೆ ಇಳಿಸಲು ಎರಡು ದಾರಿ ಇವೆ. ಒಂದು, ಗಿಡ್ಡ ಸ್ಪ್ರಿಂಗ್ ಹಾಕಿಬಿಡುವುದು. ಖರ್ಚು ಕಡಿಮೆ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಗಾಡಿ ಇಳಿದರೆ ಇಳಿದಂತೆಯೇ, ಮತ್ತೆ ಏರುವುದಿಲ್ಲ. ಇನ್ನೊಂದು, ಕಬ್ಬಿಣದ ಸ್ಪ್ರಿಂಗ್ ತೆಗೆದು ಗಾಳಿ ತುಂಬುವ ಬಲೂನ್ ಕೂರಿಸುವುದು. ಆಗ ಬೇಕಾದಾಗ ಇಳಿಸಬಹುದು, ಬೇಕಾದಾಗ ಏರಿಸಬಹುದು. ನಾನು ಎರಡನೆಯದನ್ನು ಆರಿಸಿದೆ.

ಕಾರಣ ನಮ್ಮ ಅವ್ವ. ಆಕೆಯ ಎರಡೂ ಮೊಣಕಾಲಿಗೆ ಆಪರೇಷನ್ ಆಗಿದೆ. ಫುಟ್‌ಸ್ಟೆಪ್ ಇದ್ದರೂ ಅಷ್ಟು ಎತ್ತರಕ್ಕೆ ಕಾಲು ಎತ್ತಲು ಆಗುವುದಿಲ್ಲ. ಹಾಗಾದರೆ ಸಣ್ಣ ಕಾರು ತಗೊಳ್ಳಬಹುದಿತ್ತಲ್ಲ ಎಂದು ಬಹಳ ಜನ ಕೇಳಿದರು. ನಮ್ಮ ಹೊಲ ಇರುವುದು ಜೇವರ್ಗಿ ಕಡೆ, ಎರೆ ಮಣ್ಣಿನಲ್ಲಿ. ಮಳೆ ಬಿದ್ದರೆ ಆ ದಾರಿಯಲ್ಲಿ ಚಕ್ರದ ಗುಂಡಿಗಳು ಬಿದ್ದು, ಬಿಸಿಲು ಬಂದ ಕೂಡಲೇ ಅವು ಕಲ್ಲಿನಂತೆ ಗಟ್ಟಿಯಾಗುತ್ತವೆ. ಅಲ್ಲಿ ತಗ್ಗು ಗಾಡಿ ತಳ ಉಜ್ಜಿಕೊಂಡು ನಿಲ್ಲುತ್ತದೆ. ಅವ್ವ ತೊಗರಿ ರಾಶಿಯ ಹೊತ್ತಿಗೆ ಹೊಲಕ್ಕೆ ಬಂದೇ ಬರುತ್ತಾಳೆ. ಬೇಡ ಅನ್ನಲು ನನಗೆ ಮನಸ್ಸಿಲ್ಲ. ಮನೆ ಮುಂದೆ ತಗ್ಗಾಗಬೇಕು, ಹೊಲದ ದಾರಿಯಲ್ಲಿ ಎತ್ತರವಾಗಬೇಕು. ಇದೇ ಆಲೋಚನೆ ಹೊಸದೇನಲ್ಲ. ರೇಂಜ್ ರೋವರ್‌ನಲ್ಲಿ 1992ರಿಂದಲೇ ಎಲೆಕ್ಟ್ರಾನಿಕ್ ಏರ್ ಸಸ್ಪೆನ್ಷನ್ ಬರುತ್ತಿದೆ. ಜನ ಹತ್ತಿ ಇಳಿಯಲು ಅದು ತಾನೇ ತಗ್ಗುತ್ತದೆ. ನಮ್ಮ ಗಾಡಿಗೆ ಅದನ್ನು ಹೊರಗಿನಿಂದ ತಂದು ಕೂರಿಸಬೇಕಾಯಿತು, ಅಷ್ಟೇ.

ಕೆಲಸಕ್ಕೆ ಮೊದಲು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಮೊದಲು ಕೊಟ್ಟ ವಿವರಗಳಿಗಿಂತ ಬೇರೆ ಆಗುವಂಥ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಸೇರಿಸಿದ್ದಾರೆ. ಹಾಗಾಗಿ ನಾನು ಅವ್ವನ ಆಪರೇಷನ್ ಕಾಗದ, ಕಿಟ್‌ನ ವಿವರ ಎಲ್ಲ ಇಟ್ಟು ಆರ್‌ಟಿಒ ಕಚೇರಿಯಲ್ಲಿ ಬರೆದು ಕೇಳಿದೆ. ಲಿಖಿತ ಒಪ್ಪಿಗೆ ಕೈಗೆ ಬಂದ ಮೇಲೆಯೇ ಸ್ಪ್ಯಾನರ್ ಹಿಡಿದೆ. ವಿಮಾ ಕಂಪನಿಗೂ ಬರೆದು ಪಾಲಿಸಿಯಲ್ಲಿ ಸೇರಿಸಿಕೊಂಡೆ. ಇದನ್ನು ಬಿಟ್ಟು ಯಾರೂ ಮುಂದೆ ಹೋಗಬೇಡಿ. ಅಪಘಾತವಾದ ದಿನ ವಿಮಾ ಸರ್ವೇಯರ್ ಮೊದಲು ನೋಡುವುದು ಇಂಥದ್ದನ್ನೇ. ಇನ್ನೊಂದು ಮಾತು: ಚಾಸಿಯಲ್ಲಿ, ಅಂದರೆ ಗಾಡಿಯ ತಳದ ಚೌಕಟ್ಟಿನಲ್ಲಿ, ಎಲ್ಲಿಯೂ ಕತ್ತರಿಸಿಲ್ಲ, ವೆಲ್ಡಿಂಗ್ ಮಾಡಿಲ್ಲ. ಎಲ್ಲ ಬೋಲ್ಟ್ ಮೇಲೆ ನಿಂತಿದೆ. ಹಳೆಯ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳು ಡಬ್ಬಿಯಲ್ಲಿ ಭದ್ರವಾಗಿವೆ.

ನಾನು ಎಲೆಕ್ಟ್ರಿಕಲ್ ಕೆಲಸದವನು. ವೈರಿಂಗ್ ನನ್ನ ಕೈಯದ್ದು. ಗಾಳಿಯ ಕೆಲಸಕ್ಕೆ ಹುಮನಾಬಾದ್ ರಿಂಗ್ ರಸ್ತೆ ಕಡೆಯ ಒಬ್ಬ ಮೇಸ್ತ್ರಿ ಜೊತೆಯಾದರು. ಅವರು ಬಸ್ಸುಗಳ ಬಲೂನ್ ಬದಲಿಸಿಯೇ ಕೈ ಪಳಗಿದವರು. ಕಾರಿನ ಮೆಕ್ಯಾನಿಕ್‌ಗಿಂತ ಬಸ್ಸಿನ ಮೆಕ್ಯಾನಿಕ್ ಈ ಕೆಲಸಕ್ಕೆ ಜಾಸ್ತಿ ಯೋಗ್ಯ ಎಂದು ನಾನು ಈಗಲೂ ಹೇಳುತ್ತೇನೆ. ಸೋರಿಕೆ ಎಲ್ಲಿ ಆಗುತ್ತದೆ ಎಂಬುದು ಅವರಿಗೆ ಕಿವಿಯಲ್ಲೇ ಗೊತ್ತಾಗುತ್ತದೆ.

ಈಗ ಗಾಡಿಯ ತಳಕ್ಕೆ ಬರೋಣ. ಈ ಫಾರ್ಚೂನರ್‌ನ ಮುಂದೆ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರವನ್ನು ಮೇಲೊಂದು, ಕೆಳಗೊಂದು ಆರ್ಮ್ ಹಿಡಿದಿರುತ್ತದೆ. ಸ್ಪ್ರಿಂಗ್ ಮತ್ತು ಶಾಕ್ ಒಂದೇ ಜೋಡಿಯಾಗಿ ಕೆಳಗಿನ ಆರ್ಮ್ ಮೇಲೆ ಕೂತಿರುತ್ತವೆ. ಹಿಂದೆ ಎರಡೂ ಚಕ್ರ ಸೇರಿಸುವ ಇಡೀ ಆಕ್ಸಲ್, ಅದನ್ನು ಹಿಡಿಯಲು ನಾಲ್ಕು ಲಿಂಕ್, ಪಕ್ಕಕ್ಕೆ ಸರಿಯದಂತೆ ಅಡ್ಡಕ್ಕೆ ಒಂದು ಲ್ಯಾಟರಲ್ ರಾಡ್. ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಆದ್ದರಿಂದ ಮುಂದೆ ಬಲೂನ್ ಸಮೇತ ಬರುವ ಇಡೀ ಸ್ಟ್ರಟ್, ಅಂದರೆ ಬಲೂನ್ ಮತ್ತು ಶಾಕ್ ಜೋಡಿ, ಹಾಕಬೇಕು. ಹಿಂದೆ ಸ್ಪ್ರಿಂಗ್ ಜಾಗದಲ್ಲಿ ಬ್ರಾಕೆಟ್ ಇಟ್ಟು ಬಲೂನ್ ಕೂರಿಸಿದರೆ ಸಾಕು. ನಮ್ಮದು 4x2, ಹಿಂದಿನ ಚಕ್ರಗಳಿಗೆ ಮಾತ್ರ ಇಂಜಿನ್ ಶಕ್ತಿ. ಹಾಗಾಗಿ ಮುಂದಿನ ಡ್ರೈವ್ ಶಾಫ್ಟ್ ಚಿಂತೆ ಇರಲಿಲ್ಲ. 4x4 ಇದ್ದವರು ಮುಂದಿನ ಸಿವಿ ಜಾಯಿಂಟ್ (ಡ್ರೈವ್ ಶಾಫ್ಟ್‌ನ ಬಾಗುವ ಕೀಲು) ಎಷ್ಟು ಓರೆಯಾಗುತ್ತದೆ ಎಂದು ಮೊದಲೇ ನೋಡಿಕೊಳ್ಳಬೇಕು.

ಒತ್ತಡದ ಲೆಕ್ಕ ಸರಳ. ಬಲೂನ್ ಹೊರುವ ಭಾರವನ್ನು ಅದರ ವಿಸ್ತೀರ್ಣದಿಂದ ಭಾಗಿಸಿದರೆ ಬೇಕಾದ ಒತ್ತಡ ಸಿಗುತ್ತದೆ. ನಮ್ಮ ಗಾಡಿಯಲ್ಲಿ ಖಾಲಿ ಇದ್ದಾಗ ಹಿಂದೆ 45 ಪಿಎಸ್‌ಐ (ಟೈರ್ ಗಾಳಿ ಅಳೆಯುವ ಅದೇ ಮಾಪನ) ಹತ್ತಿರ ಸಾಕಾಗುತ್ತದೆ. ಮುಂದೆ 100ರ ಆಸುಪಾಸು ಬೇಕು. ಮುಂದಿನ ಭಾರ ಹಿಂದಿನದಕ್ಕಿಂತ ಎರಡು ಪಟ್ಟೇನೂ ಇಲ್ಲ, ಅಲ್ವಾ? ಮತ್ತೆ ಒತ್ತಡ ಏಕೆ ಎರಡು ಪಟ್ಟು? ಸ್ಟ್ರಟ್ ಚಕ್ರದ ಹತ್ತಿರ ಇಲ್ಲ, ಆರ್ಮ್‌ನ ನಡುವೆ ಇದೆ. ಆರ್ಮ್ ಸನ್ನೆಕೋಲಿನ ಹಾಗೆ ಕೆಲಸ ಮಾಡಿ, ಚಕ್ರದ ಮೇಲಿನ ಭಾರ ಸ್ಟ್ರಟ್‌ಗೆ ಹೆಚ್ಚಾಗಿ ಬೀಳುತ್ತದೆ. ಬಲೂನ್ ಕೂಡ ಮುಂದೆ ಸಣ್ಣದು. ಇದು ಗೊತ್ತಿಲ್ಲದೆ ನಾಲ್ಕಕ್ಕೂ ಒಂದೇ ಒತ್ತಡ ತುಂಬಿದರೆ ಗಾಡಿ ಮೂಗು ಕೆಳಗೆ ಹಾಕಿ ನಿಲ್ಲುತ್ತದೆ.

ನಾಲ್ಕು ಚಕ್ರಕ್ಕೂ ಬೇರೆ ಬೇರೆ ವಾಲ್ವ್ ಇರಲೇಬೇಕು. ದುಡ್ಡು ಉಳಿಸಲು ಎಡ, ಬಲ ಎರಡನ್ನೂ ಒಂದೇ ಟಿ-ಜಾಯಿಂಟ್‌ಗೆ ಸೇರಿಸುವವರಿದ್ದಾರೆ. ತಿರುವಿನಲ್ಲಿ ಹೊರಗಿನ ಬಲೂನ್ ಒತ್ತಿದ ಗಾಳಿ ಒಳಗಿನ ಬಲೂನ್‌ಗೆ ಹರಿಯುತ್ತದೆ. ಎತ್ತರದ ಗಾಡಿ ಇನ್ನೂ ಜಾಸ್ತಿ ವಾಲುತ್ತದೆ. ಇದು ಜೀವದ ಪ್ರಶ್ನೆ. ಗಾಡಿ ವಾಲುವುದನ್ನು ತಡೆಯುವ ಸ್ಟೆಬಿಲೈಜರ್ ಬಾರ್‌ಗಳನ್ನೂ ತೆಗೆಯಬಾರದು.

ಈ ವಾಲ್ವ್‌ಗಳನ್ನು ನಡೆಸುವ ಎಲೆಕ್ಟ್ರಾನಿಕ್ ಕಂಟ್ರೋಲರ್‌ನಲ್ಲಿ ಎರಡು ಬಗೆ ಇವೆ. ಒಂದು ಬರೀ ಒತ್ತಡ ನೋಡುತ್ತದೆ. ಇನ್ನೊಂದು ಪ್ರತಿ ಚಕ್ರದ ಹತ್ತಿರ ಸೆನ್ಸರ್ ಇಟ್ಟು ಎತ್ತರವನ್ನೂ ಅಳೆಯುತ್ತದೆ. ಎರಡನೆಯದು ದುಬಾರಿ. ಆದರೆ ನಮ್ಮ ಕಲಬುರಗಿಯಲ್ಲಿ ಅದೇ ಸರಿ ಎಂದು ನನ್ನ ಖಚಿತ ಅಭಿಪ್ರಾಯ. ಮೇ ತಿಂಗಳಲ್ಲಿ ಬೆಳಗಿನ ಜಾವ 28 ಡಿಗ್ರಿ ಇದ್ದದ್ದು ಮಧ್ಯಾಹ್ನ 43ಕ್ಕೆ ಹೋಗುತ್ತದೆ. ಅಷ್ಟು ಕಾವಿಗೆ ಬಲೂನ್ ಒಳಗಿನ ಗಾಳಿ ಸುಮಾರು 5% ಹಿಗ್ಗುತ್ತದೆ. ಭಾರ ಬದಲಾಗಿಲ್ಲವಾದ್ದರಿಂದ ಒತ್ತಡ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಗಾಡಿ ಮಾತ್ರ ಮೇಲೆ ಏಳುತ್ತದೆ. ಬರೀ ಒತ್ತಡ ನೋಡುವ ಕಂಟ್ರೋಲರ್‌ಗೆ ಇದು ಕಾಣುವುದೇ ಇಲ್ಲ. ಜನ, ಚೀಲ ತುಂಬಿದಾಗ ಇನ್ನೂ ಕಷ್ಟ. ಹಿಂದೆ ಭಾರ ಬಿದ್ದರೆ ಒತ್ತಡ ಏರುತ್ತದೆ. ಆಗ ಅದು ಗಾಳಿ ಜಾಸ್ತಿಯಾಯಿತೆಂದು ತಿಳಿದು ಹೊರಗೆ ಬಿಡಬಹುದು. ಭಾರ ಹೊತ್ತ ಗಾಡಿ ಇನ್ನೂ ತಗ್ಗುತ್ತದೆ. ನಮಗೆ ಬೇಕಾದದ್ದು ಅದಕ್ಕೆ ವಿರುದ್ಧ.

ವೈರಿಂಗ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಬೆಂಕಿ ಹತ್ತುವುದು ಇಲ್ಲಿಂದಲೇ. ಗಾಳಿ ಒತ್ತಿ ತುಂಬುವ ಕಂಪ್ರೆಸರ್ ಓಡುವಾಗ 20 ಆಂಪಿಯರ್ ಹತ್ತಿರ ಎಳೆಯುತ್ತದೆ. ಆ ಕರೆಂಟನ್ನು ಗಾಡಿಯ ಇರುವ ವೈರಿಂಗ್‌ನಿಂದ ಕದಿಯಬಾರದು. ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಟ್ಟೆ. ಫ್ಯೂಸನ್ನು ಗಾಡಿಯ ಹಿಂಭಾಗದಲ್ಲಿ, ಕಂಪ್ರೆಸರ್ ಹತ್ತಿರ ಇಟ್ಟರೆ ನಡುವಿನ ವೈರ್ ಎಲ್ಲಾದರೂ ತರಚಿ ಗಾಡಿಯ ತಗಡಿಗೆ ತಾಗಿದಾಗ ಅದು ಉಪಯೋಗಕ್ಕೆ ಬರುವುದಿಲ್ಲ. ಕಂಪ್ರೆಸರ್‌ನ ಕರೆಂಟ್ ಹಾಕಿ ತೆಗೆಯುವ ರಿಲೇಯನ್ನು ಇಗ್ನಿಷನ್‌ಗೆ ಕಟ್ಟಿದೆ. ಪ್ರೆಷರ್ ಸ್ವಿಚ್ 165 ಪಿಎಸ್‌ಐಗೆ ಕಂಪ್ರೆಸರ್ ಶುರು ಮಾಡಿ 200ಕ್ಕೆ ನಿಲ್ಲಿಸುತ್ತದೆ. ಟ್ಯಾಂಕ್ 19 ಲೀಟರ್‌ನದ್ದು. ಅದು ತುಂಬಿದ್ದರೆ ಅವ್ವ ಹತ್ತಿ ಕೂತ ಮೇಲೆ ಗಾಡಿ ಏಳಲು ಕೆಲವು ಸೆಕೆಂಡು ಸಾಕು, ಕಂಪ್ರೆಸರ್‌ಗೆ ಕಾಯಬೇಕಿಲ್ಲ.

ಕಂಪ್ರೆಸರನ್ನು ಗಾಡಿಯ ತಳದಲ್ಲಿ ಕಟ್ಟಲು ಮೇಸ್ತ್ರಿ ಕೂಡ ಬೇಡ ಎಂದರು. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳ ಧೂಳು, ಶಹಾಬಾದ್ ಕಡೆ ಕಲ್ಲಿನ ಪುಡಿ, ರಾಶಿಯ ಕಾಲದಲ್ಲಿ ತೊಗರಿ ಹೊಟ್ಟು. ಎಲ್ಲವನ್ನೂ ಅದು ಎಳೆದುಕೊಳ್ಳುತ್ತದೆ. ಡಿಕ್ಕಿಯ ಪಕ್ಕದಲ್ಲಿ ಕೂರಿಸಿ, ಗಾಳಿ ಎಳೆಯುವ ಪೈಪನ್ನು ಗಾಡಿಯೊಳಗೇ ಎತ್ತರದಲ್ಲಿ ಇಟ್ಟೆವು. ತುದಿಗೆ ಫಿಲ್ಟರ್. ಒಳಗೆ ಎಸಿ ಇರುವುದರಿಂದ ಗಾಳಿ ತಂಪು, ತೇವವೂ ಕಡಿಮೆ. ತೇವವೇ ವಾಲ್ವ್‌ಗಳ ಶತ್ರು. ಗಾಳಿಯನ್ನು ಒತ್ತಿದಾಗ ಅದರೊಳಗಿನ ನೀರು ಟ್ಯಾಂಕ್‌ನಲ್ಲಿ ಇಳಿಯುತ್ತದೆ. ವಾಲ್ವ್‌ಗೆ ಮೊದಲು ನೀರು ಹಿಡಿದಿಡುವ ವಾಟರ್ ಟ್ರ್ಯಾಪ್ ಹಾಕಿದ್ದೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಟ್ಯಾಂಕ್‌ನ ತಳದ ನಲ್ಲಿ ಬಿಚ್ಚುತ್ತೇನೆ.

ಪೈಪ್ ಕತ್ತರಿಸಲು ಟ್ಯೂಬ್ ಕಟರ್ ಬೇಕೇ ಬೇಕು. ಹ್ಯಾಕ್ಸಾದಲ್ಲಿ ಕತ್ತರಿಸಿದರೆ ತುದಿ ಓರೆಯಾಗಿ, ಒತ್ತಿ ಕೂರಿಸುವ ಫಿಟಿಂಗ್‌ನ ಒಳಗಿನ ರಬ್ಬರ್ ರಿಂಗ್ ಗೀಚುತ್ತದೆ. ಆಮೇಲೆ ಸೋರಿಕೆ ಹುಡುಕುವುದೇ ಕೆಲಸ. ಪೈಪ್ ಸೈಲೆನ್ಸರ್‌ನಿಂದ ದೂರ ಹೋಗಬೇಕು. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಗ್ರೊಮೆಟ್. ಎಲ್ಲ ಜೋಡಿಸಿದ ಮೇಲೆ ಪ್ರತಿ ಜಾಯಿಂಟ್‌ಗೂ ಸಾಬೂನಿನ ನೀರು ಹಚ್ಚಿ ಗುಳ್ಳೆ ಬರುತ್ತದೋ ನೋಡಿ. ರಾತ್ರಿ ಬಿಟ್ಟು ಬೆಳಿಗ್ಗೆ ಎತ್ತರ ಅಳೆಯಿರಿ. ಹಬ್‌ನ, ಅಂದರೆ ಚಕ್ರದ ಗುಂಭದ, ನಡುವಿನಿಂದ ಚಕ್ರದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆದರೆ ಟೈರ್ ಗಾಳಿಯ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ.

ಬಲೂನ್ ಪೂರ್ತಿ ಉಬ್ಬಿದಾಗ ಸುತ್ತಲೂ ಏನೂ ತಾಗಬಾರದು. ಬ್ರೇಕ್ ಹೋಸ್, ಎಬಿಎಸ್ ವೈರ್ ಎರಡೂ ಮೇಲಿನ ತುದಿ, ಕೆಳಗಿನ ತುದಿ ಎರಡರಲ್ಲೂ ಎಳೆಯಬಾರದು, ಉಜ್ಜಬಾರದು. ಬಂಪ್ ಸ್ಟಾಪ್, ಅಂದರೆ ಗಾಡಿ ಪೂರ್ತಿ ಇಳಿದಾಗ ತಡೆಯುವ ರಬ್ಬರ್ ತುಂಡು, ತೆಗೆಯಲೇಬೇಡಿ. ಗಾಳಿ ಪೂರ್ತಿ ಹೋದ ದಿನ ಗಾಡಿ ನಿಲ್ಲುವುದು ಅದರ ಮೇಲೆಯೇ. ತಳದಲ್ಲಿ ಕೆಲಸ ಮಾಡುವಾಗ ಕಂಟ್ರೋಲರ್ ಆಫ್ ಮಾಡಿ, ಚಾಸಿ ಕೆಳಗೆ ಸ್ಟ್ಯಾಂಡ್ ಇಟ್ಟ ಮೇಲೆಯೇ ಒಳಗೆ ನುಗ್ಗಿ. ಜಾಕ್ ಮೇಲೆ ನಿಂತ ಗಾಡಿಯ ಎತ್ತರ ತಪ್ಪಿದೆ ಎಂದು ತಿಳಿದು ಕಂಟ್ರೋಲರ್ ತಾನೇ ಗಾಳಿ ಬಿಡಬಹುದು.

ಇಷ್ಟೆಲ್ಲ ಆದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಇಳಿಸುವುದು ಒಂದು ಗುಂಡಿ ಒತ್ತಿದಷ್ಟು ಸುಲಭ. ಓಡುವ ಎತ್ತರ ಯಾವುದು ಎಂದು ನಿಶ್ಚಯ ಮಾಡುವುದೇ ಕಷ್ಟ. ಎಷ್ಟು ಎತ್ತರ ಬೇಕಾದರೂ ಮಾಡಬಹುದು ನಿಜ. ಆದರೆ ವೀಲ್ ಅಲೈನ್‌ಮೆಂಟ್ ಒಂದೇ ಎತ್ತರಕ್ಕೆ ಸರಿಯಾಗುತ್ತದೆ. ಡಬಲ್ ವಿಶ್‌ಬೋನ್ ತಗ್ಗಿದಂತೆ ಚಕ್ರದ ತಲೆ ಒಳಗೆ ವಾಲುತ್ತದೆ, ಟೋ (ಚಕ್ರದ ಮುಂಭಾಗ ಒಳಗೆ ಅಥವಾ ಹೊರಗೆ ತಿರುಗಿರುವ ಅಳತೆ) ಬದಲಾಗುತ್ತದೆ. ಹಾಗೇ ಓಡಿಸಿದರೆ ಟೈರ್‌ನ ಒಳಅಂಚು ಸವೆದುಹೋಗುತ್ತದೆ. ಹಿಂದೆ ಲ್ಯಾಟರಲ್ ರಾಡ್ ಇಡೀ ಆಕ್ಸಲನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಅದಕ್ಕೆ ಉದ್ದ ಹೊಂದಿಸಬಹುದಾದ ರಾಡ್ ಹಾಕಿ ಆಕ್ಸಲ್ ನಡುವಿಗೆ ತಂದೆವು.

ನಾನು ಓಡುವ ಎತ್ತರವನ್ನು ಕಂಪನಿಯ ಎತ್ತರಕ್ಕಿಂತ 40 ಮಿ.ಮೀ. ಕೆಳಗೆ ಇಟ್ಟೆ. ಅದಕ್ಕಿಂತ ಕೆಳಗೆ ಚೆಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ನಮ್ಮ ಊರುಗಳ ಹಂಪ್ ನೋಡಿದ್ದೀರಲ್ಲ? ರಸ್ತೆ ಎಂಜಿನಿಯರ್‌ಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಮಾನದಂಡದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಹಳ್ಳಿಗಳಲ್ಲಿ ಕಾಣುವುದು ಅರ್ಧ ಅಗಲದ, ಚೂಪು ನೆತ್ತಿಯ ದಿಬ್ಬ. ಬಣ್ಣವೂ ಇರುವುದಿಲ್ಲ. ಬೀದರ್ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಈ 40 ಮಿ.ಮೀ. ಗೊತ್ತಾಗುತ್ತದೆ. ಲಾರಿ ದಾಟುವಾಗ ಅಡ್ಡಗಾಳಿಗೆ ಗಾಡಿ ಮೊದಲಿನಷ್ಟು ತೂಗುವುದಿಲ್ಲ, ಬ್ರೇಕ್ ಹಿಡಿದಾಗ ಮೂಗು ಅಷ್ಟು ಬಗ್ಗುವುದಿಲ್ಲ.

ಅಲೈನ್‌ಮೆಂಟ್ ಅಂಗಡಿಗೆ ಹೋಗುವಾಗ ಇದೇ ಎತ್ತರದಲ್ಲಿ ಗಾಡಿ ನಿಲ್ಲಿಸಿ, ನಡುವೆ ಇಗ್ನಿಷನ್ ಮುಟ್ಟದಂತೆ ಹೇಳಿ. ಹೆಡ್‌ಲೈಟ್ ಕೂಡ ಇದೇ ಎತ್ತರದಲ್ಲಿ ಹೊಂದಿಸಿ. ಮುಂದಿನ ಭಾಗ ಜಾಸ್ತಿ ಇಳಿದರೆ ಬೆಳಕು ರಸ್ತೆಗೆ ಬೀಳುತ್ತದೆ, ಹಿಂದಿನದು ಇಳಿದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಕಂಟ್ರೋಲರ್ ನೆನಪಿನಲ್ಲಿ ಮೂರು ಎತ್ತರ ಇಟ್ಟಿದ್ದೇನೆ. ಹತ್ತುವ ಎತ್ತರ ಕಂಪನಿಯದಕ್ಕಿಂತ 100 ಮಿ.ಮೀ. ಕೆಳಗೆ. ಇದು ನಿಂತಾಗ ಮಾತ್ರ. ಇಂಜಿನ್ ಶುರುವಾದ ಕೂಡಲೇ ಗಾಡಿ ತಾನೇ ಓಡುವ ಎತ್ತರಕ್ಕೆ ಏಳುವಂತೆ ಹೊಂದಿಸಿದ್ದೇನೆ, ಯಾರು ಓಡಿಸಿದರೂ ಮರೆಯುವ ಮಾತಿಲ್ಲ. ಮೂರನೆಯದು ಹೊಲದ ದಾರಿಗೆ, ಕಂಪನಿಯದಕ್ಕಿಂತ ಸ್ವಲ್ಪ ಮೇಲೆ. ಅದರಲ್ಲಿ ಗಾಡಿ ಗಡುಸಾಗುತ್ತದೆ, ಶಾಕ್‌ಗೆ ಕೆಳಗೆ ಚಾಚಲು ಜಾಗ ಉಳಿಯುವುದಿಲ್ಲ. ಹಾಗಾಗಿ ನಿಧಾನವಾಗಿ ಹೋಗಬೇಕು, ಡಾಂಬರು ಸಿಕ್ಕ ಕೂಡಲೇ ಇಳಿಸಬೇಕು.

ಅವ್ವ ಈಗ ಮೊದಲು ಸೀಟಿನ ಮೇಲೆ ಕೂತು, ಆಮೇಲೆ ಕಾಲು ಒಳಗೆ ತಗೊಳ್ಳುತ್ತಾಳೆ. ಹಿಡಿಯಲು ಯಾರೂ ಬೇಕಿಲ್ಲ. ಶರಣಬಸವೇಶ್ವರ ಗುಡಿಗೆ ಹೋಗುವಾಗ ನನ್ನನ್ನು ಕೇಳದೆ ತಾನೇ ಬಾಗಿಲು ತೆಗೆಯುತ್ತಾಳೆ. ನನಗೆ ಬೇಕಾಗಿದ್ದದ್ದು ಇಷ್ಟೇ.

ಖರ್ಚು ಹೇಳಬೇಕೆಂದರೆ ಲಕ್ಷಗಳಲ್ಲಿ ಆಗುತ್ತದೆ. ಕಿಟ್, ಕಸ್ಟಮ್ಸ್, ರಾಡ್, ಕೂಲಿ ಎಲ್ಲ ಸೇರುತ್ತವೆ. ಸುಮ್ನೆ ನೋಟಕ್ಕೆ ಬೇಕಿದ್ದರೆ ಇದು ಬೇಡ, ಗಿಡ್ಡ ಸ್ಪ್ರಿಂಗ್ ಕೂಡ ಬೇಡ. ಆರೈಕೆಯೂ ಇದೆ. ಟೈರ್ ಅದಲುಬದಲು ಮಾಡುವಾಗಲೆಲ್ಲ ಬಲೂನ್ ಮಡಿಕೆಗಳನ್ನು ತೊಳೆದು, ಬಿರುಕು ಇದೆಯಾ ಎಂದು ಟಾರ್ಚ್ ಹಿಡಿದು ನೋಡುತ್ತೇನೆ. ಮಡಿಕೆಯಲ್ಲಿ ಸಿಕ್ಕ ಸಣ್ಣ ಕಲ್ಲು ರಬ್ಬರನ್ನು ಒಳಗಿಂದೊಳಗೇ ತಿನ್ನುತ್ತದೆ. ಅದಕ್ಕಾಗಿ ಹಿಂದಿನ ಎರಡು ಬಲೂನ್‌ಗಳ ಮುಂದೆ, ಚಕ್ರದ ಕಡೆಗೆ, ರಬ್ಬರ್ ಪರದೆ ಕಟ್ಟಿದ್ದೇನೆ. ಇನ್ನು ಮುಂದೆ ಎರಡನೇ ಕಂಪ್ರೆಸರ್ ಸೇರಿಸುವ ಯೋಚನೆ ಇದೆ. ಎರಡು ಇದ್ದರೆ ಬೇಸಿಗೆಯಲ್ಲಿ ಒಂದೊಂದೂ ಓಡುವ ಹೊತ್ತು ಅರ್ಧ ಆಗುತ್ತದೆ, ಒಂದು ಕೈಕೊಟ್ಟರೂ ಹೊಲದಿಂದ ಮನೆಗೆ ಬರಬಹುದು.