ಕರೆಂಟು ಹೋದರೂ ಖಾತೆ ಭದ್ರವಾಗಿರಲಿ: ಸ್ಮಾರ್ಟ್ ಕ್ಲಾಸ್ ಬಳಸುವ ಉಪನ್ಯಾಸಕರಿಗೆ

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಕಡೆ ಕರೆಂಟನ್ನೂ ಮೊಬೈಲ್ ಸಿಗ್ನಲನ್ನೂ ನಂಬಿ ಕೂರುವ ಹಾಗಿಲ್ಲ. ಓಟಿಪಿ ಮೆಸೇಜು ಬರುವುದಿಲ್ಲವೆಂದು ಗೂಗಲ್ ಖಾತೆಯ ಎರಡು ಹಂತದ ಪರಿಶೀಲನೆಯನ್ನೇ (ಪಾಸ್‌ವರ್ಡ್ ಜೊತೆಗೆ ಓಟಿಪಿಯನ್ನೂ ಕೇಳುವ ಏರ್ಪಾಡು) ತೆಗೆದುಹಾಕಬೇಡಿ. ಓಟಿಪಿ ಪಡೆಯುವ ದಾರಿ ಬದಲಿಸಿದರೆ ಸಾಕು.

ಖಾತೆಯ ಭದ್ರತಾ ಪುಟದಲ್ಲಿ ಅಥೆಂಟಿಕೇಟರ್ ಆಯ್ದು, ಅಲ್ಲಿ ಕಾಣುವ ಕ್ಯೂಆರ್ ಕೋಡನ್ನು ಫೋನಿನ ಅಥೆಂಟಿಕೇಟರ್ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ. ಆಮೇಲೆ 30 ಸೆಕೆಂಡಿಗೊಮ್ಮೆ 6 ಅಂಕಿಯ ಹೊಸ ಕೋಡ್ ಬರುತ್ತದೆ. ಫೋನಿನೊಳಗಿನ ಗುಟ್ಟಿನ ಕೀಲಿ ಮತ್ತು ಗಡಿಯಾರದಿಂದ ಅದು ಲೆಕ್ಕವಾಗುವುದರಿಂದ ಸಿಗ್ನಲ್ ಬೇಕಿಲ್ಲ. ಕೋಡ್ ತಪ್ಪೆಂದು ಬಂದರೆ ಮೊದಲು ಫೋನಿನ ಸಮಯ ಸರಿಯಿದೆಯೇ ನೋಡಿ. ಬಹುತೇಕ ತೊಂದರೆ ಅಲ್ಲೇ ಇರುತ್ತದೆ. ಜೊತೆಗೆ 10 ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ಮನೆಯ ಕಪಾಟಿನಲ್ಲಿಡಿ. ಒಂದೊಂದೂ 8 ಅಂಕಿಯದು, ಒಮ್ಮೆ ಮಾತ್ರ ನಡೆಯುತ್ತದೆ. ಫೋನು ಮಳೆಯಲ್ಲಿ ನೆನೆದು ಕೆಟ್ಟ ದಿನ ಕೈಹಿಡಿಯುವುದು ಇವೇ.

ಇನ್ನು ತರಗತಿಯ ಕಂಪ್ಯೂಟರು. ಪಾಠದ ನಡುವೆ ಕರೆಂಟು ಹೋಗುತ್ತದೆ, ಉಪನ್ಯಾಸಕರು ಎದ್ದು ಹೋಗುತ್ತಾರೆ. ಕರೆಂಟು ಬಂದ ಮೇಲೆ ಕ್ರೋಮ್ ತೆರೆದವರಿಗೆ ಆ ಉಪನ್ಯಾಸಕರ ಮೇಲ್, ಡ್ರೈವ್, ಅಂಕಪಟ್ಟಿ ಎಲ್ಲ ಹಾಗೇ ಸಿಗುತ್ತವೆ, ಏಕೆಂದರೆ ಲಾಗಿನ್ ಬ್ರೌಸರಿನಲ್ಲೇ ಉಳಿದಿರುತ್ತದೆ. ಆದ್ದರಿಂದ ಅಲ್ಲಿ ಯಾವಾಗಲೂ ಕ್ರೋಮ್‌ನ ಪ್ರೊಫೈಲ್ ಚಿತ್ರ ಒತ್ತಿ ಗೆಸ್ಟ್ ಕಿಟಕಿ ತೆರೆಯಿರಿ. ಎಲ್ಲ ಗೆಸ್ಟ್ ಕಿಟಕಿ ಮುಚ್ಚಿದರೆ ಲಾಗಿನ್ ಅಳಿಯುತ್ತದೆ. ಡೌನ್‌ಲೋಡ್ ಮಾಡಿದ ಫೈಲು ಮಾತ್ರ ಅಳಿಯುವುದಿಲ್ಲ! ಪ್ರಶ್ನೆಪತ್ರಿಕೆಯನ್ನು ಆ ಕಂಪ್ಯೂಟರಿಗೆ ಇಳಿಸಲೇಬಾರದು. ಐದು ನಿಮಿಷ ಹೊರಗೆ ಹೋಗುವುದಿದ್ದರೂ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಪರದೆ ಲಾಕ್ ಮಾಡಿ. ಲಾಗ್‌ಔಟ್ ಮರೆತಿದ್ದರೆ ಸ್ವಂತ ಫೋನಿನಿಂದಲೇ ಖಾತೆಯ ಭದ್ರತಾ ಪುಟ, ನಿಮ್ಮ ಸಾಧನಗಳು, ಆ ಕಂಪ್ಯೂಟರು, ಸೈನ್ ಔಟ್.

ಇಂಟರ್ನಲ್ ಅಂಕಗಳ ಶೀಟನ್ನು ‘ಲಿಂಕ್ ಇರುವ ಯಾರಿಗಾದರೂ’ ಎಂದು ಹಂಚಿ ವಾಟ್ಸಾಪ್ ಗುಂಪಿಗೆ ಹಾಕುವ ರೂಢಿ ಬಿಡಬೇಕು. ಗೂಗಲ್ ಕ್ಲಾಸ್‌ರೂಮ್‌ ಆ್ಯಪ್‌ನಲ್ಲೇ ಅಂಕ ಹಿಂದಿರುಗಿಸಿದರೆ ಪ್ರತಿ ವಿದ್ಯಾರ್ಥಿಗೂ ತನ್ನದಷ್ಟೇ ಕಾಣುತ್ತದೆ. ವಿದ್ಯಾರ್ಥಿಗಳೆಲ್ಲ ಸೇರಿದ ಮೇಲೆ, ಅಲ್ಲಿ ಸೇರಲು ಬಳಸುವ ತರಗತಿ ಕೋಡ್ ಆಫ್ ಮಾಡಿ.

ವಿದ್ಯಾರ್ಥಿಗಳ ಸೆಮಿನಾರಿನ ಪಿಪಿಟಿಗಳನ್ನೂ ಪೆನ್‌ಡ್ರೈವಿನ ಬದಲು ಕ್ಲಾಸ್‌ರೂಮ್‌ನಲ್ಲಿಯೇ ತರಿಸಿಕೊಳ್ಳಿ. ಪೆನ್‌ಡ್ರೈವಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ಅದು ವೈರಸ್; ಡಬಲ್ ಕ್ಲಿಕ್ ಮಾಡದೆ ಹೊರತೆಗೆದು, ಕಂಪ್ಯೂಟರನ್ನು ಸ್ಕ್ಯಾನ್ ಮಾಡಿಸಿ. ಆನ್‌ಲೈನ್ ಮೋಸದಲ್ಲಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.