ಅಪ್ಪನ ರೇಡಿಯೋ ಹಿಡಿದುಕೊಂಡು ಮಾಡಿದ ಕ್ಲಾಸ್ ಡಿ ಆಂಪ್ಲಿಫೈಯರ್

ಗದಗದ ನಮ್ಮ ಮನೆಯಲ್ಲಿ ತುಂಬಾ ವರ್ಷ ಓಡಿದ್ದು 4440 ಅನ್ನುವ ಐಸಿಯ (ಚಿಪ್‌ನ) ಆಂಪ್ಲಿಫೈಯರ್. ಕಾಲೇಜಿನಲ್ಲಿದ್ದಾಗ ನಾನೇ ಸೋಲ್ಡರ್ ಮಾಡಿದ್ದು. ಅದರ ದನಿ ನನಗೆ ಈಗಲೂ ಇಷ್ಟ. ಆದರೆ ಅರ್ಧ ಗಂಟೆ ಜೋರಾಗಿ ಹಾಕಿದರೆ ಐಸಿಯ ಬಿಸಿ ಹೊರಹಾಕುವ ಲೋಹದ ತುಂಡು, ಅಂದರೆ ಹೀಟ್‌ಸಿಂಕ್ ಮೇಲೆ ಬೆರಳಿಡಲು ಆಗುತ್ತಿರಲಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟಾಗ, ಈ ಸಲ ಕ್ಲಾಸ್ ಡಿ ಮಾಡೋಣ ಅಂತ ಹೊರಟೆ.

ಮೊದಲೇ ಒಂದು ಮಾತು. ಡಿ ಅಂದರೆ ಡಿಜಿಟಲ್ ಅಲ್ಲ. ಎ, ಬಿ, ಸಿ ಆದಮೇಲೆ ಬಂದ ಅಕ್ಷರ ಅದು, ಅಷ್ಟೇ. ಹಳೇ ಕಾಲದ ಫ್ಯಾನ್ ರೆಗ್ಯುಲೇಟರ್ ನೆನಪಿದೆಯಾ? ಫ್ಯಾನ್ ನಿಧಾನ ಮಾಡಿದಷ್ಟೂ ಗೋಡೆಯ ಮೇಲಿನ ಆ ದಪ್ಪ ಡಬ್ಬಿ ಬಿಸಿಯಾಗುತ್ತಿತ್ತು. ಹಳೇ ಆಂಪ್ಲಿಫೈಯರ್ ಕೆಲಸವೂ ಹಾಗೇ, ಬೇಡದ ವೋಲ್ಟೇಜನ್ನು ಬಿಸಿ ಮಾಡಿ ಕಳೆಯುತ್ತದೆ. ಕ್ಲಾಸ್ ಡಿಯಲ್ಲಿ ಮಾಸ್ಫೆಟ್ (ಸ್ವಿಚ್ ಥರ ಕೆಲಸ ಮಾಡುವ ಟ್ರಾನ್ಸಿಸ್ಟರ್) ಪೂರ್ತಿ ಆನ್ ಇರುತ್ತದೆ, ಇಲ್ಲಾ ಪೂರ್ತಿ ಆಫ್. ಮಧ್ಯದಲ್ಲಿ ನಿಲ್ಲುವುದೇ ಇಲ್ಲ. ಹಾಡಿನ ಸಿಗ್ನಲ್ಲನ್ನು ಒಂದು ತ್ರಿಕೋನ ಅಲೆಯ ಜೊತೆ ಹೋಲಿಸಿ ನೋಡಿ, ಎಷ್ಟು ಹೊತ್ತು ಆನ್, ಎಷ್ಟು ಹೊತ್ತು ಆಫ್ ಅಂತ ತೀರ್ಮಾನ ಆಗುತ್ತದೆ, ಅದೂ ಸೆಕೆಂಡಿಗೆ 4 ಲಕ್ಷ ಸಲ. ಆಮೇಲೆ ಒಂದು ಕಾಯಿಲ್, ಒಂದು ಕೆಪಾಸಿಟರ್ ಸೇರಿ ಆ ಚಡಪಡಿಕೆಯನ್ನೆಲ್ಲ ಸೋಸಿ ಹಾಡನ್ನು ಮಾತ್ರ ಸ್ಪೀಕರಿಗೆ ಕಳಿಸುತ್ತವೆ.

ನಾನು ಆರಿಸಿದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಐಸಿ. 32 ಕಾಲಿನ ಪುಟ್ಟ ಐಸಿ, ಕೈಯಲ್ಲಿ ಸೋಲ್ಡರ್ ಮಾಡುವ ಸಾಹಸ ಬೇಡ ಅನ್ನಿಸಿತು. ಐಸಿ ಕೂರಿಸಿದ ಬೋರ್ಡ್ ತರಿಸಿಕೊಂಡು ಉಳಿದಿದ್ದನ್ನು ನಾನು ಮಾಡಿಕೊಂಡೆ. ಪವರ್‌ಗೆ ಹಳೇ ಲ್ಯಾಪ್‌ಟಾಪ್ ಚಾರ್ಜರ್, 19 ವೋಲ್ಟ್, 4.74 ಆಂಪಿಯರ್. 8 ಓಮ್ ಸ್ಪೀಕರಿಗೆ ಒಂದೊಂದು ಕಡೆ 20 ವ್ಯಾಟ್ ಹತ್ತಿರ ಸಿಗುತ್ತದೆ, ಮನೆಗೆ ಅದೇ ಜಾಸ್ತಿ. ಪೆಟ್ಟಿಗೆಗೆ ಕೆಟ್ಟುಹೋದ ಡಿವಿಡಿ ಪ್ಲೇಯರ್‌ನ ತಗಡಿನ ಕ್ಯಾಬಿನೆಟ್.

ಮೊದಲ ದಿನವೇ ತಪ್ಪು ಮಾಡಿದೆ. ಹಳೇ ಆಂಪ್ಲಿಫೈಯರ್‌ನಲ್ಲಿ ಎರಡೂ ಸ್ಪೀಕರ್‌ಗಳ ಮೈನಸ್ ಗ್ರೌಂಡ್‌ಗೆ ಹೋಗುತ್ತಿತ್ತು, ಹಾಗಾಗಿ ಗೋಡೆ ಗುಂಟ ಮೂರೇ ವಯರ್ ಎಳೆದಿದ್ದೆ. ಅದನ್ನೇ ಹೊಸ ಬೋರ್ಡಿಗೂ ಕೊಟ್ಟೆ. ಟಿಕ್ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಟಿಕ್. ಈ ಐಸಿಯಲ್ಲಿ ಸ್ಪೀಕರಿನ ಎರಡೂ ವಯರ್‌ಗಳಲ್ಲಿ ಸಿಗ್ನಲ್ ಇರುತ್ತದೆ, ಮೈನಸ್ ಅಂದರೆ ಗ್ರೌಂಡ್ ಅಲ್ಲವೇ ಅಲ್ಲ. ಎಡ ಬಲದ ಮೈನಸ್ ಸೇರಿಸಿದರೆ ಎರಡು ಔಟ್‌ಪುಟ್ ನೇರ ಶಾರ್ಟ್ ಆದ ಹಾಗೆ. ಐಸಿಯೊಳಗಿನ ರಕ್ಷಣೆ ಕೆಲಸ ಮಾಡಿ ಬೋರ್ಡ್ ಉಳಿಯಿತು. ಈಗ ಸ್ಪೀಕರ್ ಜೋಡಿಸುವ ಮುಂಚೆ ಮಲ್ಟಿಮೀಟರ್ ಹಿಡಿಯುತ್ತೇನೆ. ಒಂದೊಂದು ಟರ್ಮಿನಲ್‌ನಿಂದ ಗ್ರೌಂಡ್‌ಗೆ 9.5 ವೋಲ್ಟ್ ಆಸುಪಾಸು, ಅಂದರೆ ಸಪ್ಲೈನ ಅರ್ಧ ಬರಬೇಕು. ಒಂದೇ ಸ್ಪೀಕರಿನ ಪ್ಲಸ್ ಮೈನಸ್ ಮಧ್ಯೆ ಕೆಲವು ಮಿಲಿವೋಲ್ಟ್ ಮಾತ್ರ ಇರಬೇಕು. ಹೀಗಿಲ್ಲದಿದ್ದರೆ ಸ್ಪೀಕರ್ ಹಚ್ಚಲೇಬೇಡಿ.

ವಯರಿಂಗ್ ಸರಿ ಮಾಡಿ ಮಲ್ಲಿಕಾರ್ಜುನ ಮನ್ಸೂರರ ಒಂದು ರೆಕಾರ್ಡಿಂಗ್ ಹಾಕಿದೆ. ತಂಬೂರಿ ಶುರುವಾದಾಗ ಹಿಂದೆ ಸುಯ್ ಅನ್ನುವ ಸದ್ದು ಬಹಳ ಇತ್ತು. ಬೋರ್ಡಿನ ಗೇನ್, ಅಂದರೆ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದು, 32 ಡೆಸಿಬಲ್‌ಗೆ ಇಟ್ಟಿದ್ದರು. ಗೇನ್ ನಿರ್ಧರಿಸುವ ರೆಸಿಸ್ಟರ್ ಬದಲಿಸಿ 20ಕ್ಕೆ ಇಳಿಸಿದೆ. ಈಗ ಟ್ವೀಟರ್‌ಗೆ ಕಿವಿ ತಾಗಿಸಿದರೆ ಮಾತ್ರ ಕೇಳುತ್ತದೆ. ಈ ಒಂದು ಬದಲಾವಣೆಯಿಂದ ಆದಷ್ಟು ಸುಧಾರಣೆ ದುಬಾರಿ ಕೆಪಾಸಿಟರ್‌ಗಳಿಂದ ನನಗೆ ಸಿಕ್ಕಿಲ್ಲ.

ನಿಜವಾದ ಕೆಲಸ ಶುರುವಾಗಿದ್ದು ಮರುದಿನ ಬೆಳಿಗ್ಗೆ. ಅಪ್ಪ ಪಡಸಾಲೆಯಲ್ಲಿ ಧಾರವಾಡ ಆಕಾಶವಾಣಿ ಹಾಕಿದರೆ ಬರೀ ಗರ್ ಗರ್. "ತಮ್ಮಾ, ಅದೇನ್ ಮಾಡೀಯೋ ಬಂದ್ ಮಾಡು, ವಾರ್ತೆ ಕೇಳ್ಸವಲ್ದು" ಅಂದರು. ಆಫ್ ಮಾಡಿದೆ, ರೇಡಿಯೋ ಸ್ವಚ್ಛ. ಧಾರವಾಡ ಸಿಗುವುದು 765 ಕಿಲೋಹರ್ಟ್ಜ್‌ನಲ್ಲಿ. ನನ್ನ ಬೋರ್ಡ್ ಸ್ವಿಚ್ ಆಗುವುದು 400ರಲ್ಲಿ (ಅದೇ ಸೆಕೆಂಡಿಗೆ 4 ಲಕ್ಷ ಸಲ), ಅದರ ಗದ್ದಲ ಎರಡರಷ್ಟರಲ್ಲೂ ಬರುತ್ತದೆ, ಅಂದರೆ 800. ಪಕ್ಕದ ಮನೆಯೇ ಅಲ್ವಾ!

ಸಿಗ್ನಲ್ ಅಲೆಯನ್ನು ಪರದೆ ಮೇಲೆ ತೋರಿಸುವ ಆಸಿಲೋಸ್ಕೋಪ್ ನನ್ನ ಹತ್ತಿರ ಇಲ್ಲ. ಅಪ್ಪನ ರೇಡಿಯೋವನ್ನೇ ಕೈಯಲ್ಲಿ ಹಿಡಿದು ಮನೆ ತುಂಬ ಓಡಾಡಿದೆ. ಬೋರ್ಡಿನ ಹತ್ತಿರ ಗದ್ದಲ ಇತ್ತು, ಅದು ನಿರೀಕ್ಷಿಸಿದ್ದೇ. ಆದರೆ ಸ್ಪೀಕರ್ ವಯರ್ ಗುಂಟ ಹೋದರೆ ಹದಿನೈದು ಅಡಿ ದೂರದ ಮೂಲೆಯಲ್ಲೂ ಅಷ್ಟೇ ಗದ್ದಲ. ವಯರೇ ಆಂಟೆನಾ ಆಗಿಬಿಟ್ಟಿತ್ತು. ಕಾಯಿಲ್ ಮುಟ್ಟಿ ನೋಡಿದೆ, ಹಾಡು ಇಲ್ಲದಾಗಲೂ ಸುಡುವಷ್ಟು ಬಿಸಿ. ಕಡಲೆಕಾಳಿನಷ್ಟು ಸಣ್ಣ ಕಾಯಿಲ್ ಹಾಕಿದ್ದರು. ಅವನ್ನು ಕಿತ್ತು 10 ಮೈಕ್ರೋಹೆನ್ರಿಯ ದಪ್ಪ, ಮುಚ್ಚಿದ ಕಾಯಿಲ್ ಹಾಕಿದೆ, ಜೊತೆಗೆ 680 ನ್ಯಾನೋಫ್ಯಾರಡ್ ಫಿಲ್ಮ್ ಕೆಪಾಸಿಟರ್. ಈ ಜೋಡಿ 60 ಕಿಲೋಹರ್ಟ್ಜ್ ಮೇಲಿನದನ್ನು ತಗ್ಗಿಸುತ್ತಾ ಹೋಗುತ್ತದೆ. ರೇಡಿಯೋ ತಂದು ಕೇಳಿದೆ, ಅರ್ಧ ಕಡಿಮೆ.

ಆಮೇಲೆ ಸ್ಪೀಕರಿನ ಎರಡೆರಡು ವಯರ್‌ಗಳನ್ನು ಜಡೆ ಹೆಣೆದ ಹಾಗೆ ಬಿಗಿಯಾಗಿ ಸುತ್ತಿದೆ. ಇನ್ನಷ್ಟು ಕಡಿಮೆ. ಹಳೇ ಮಾನಿಟರ್ ಕೇಬಲ್‌ನಲ್ಲಿದ್ದ ಫೆರೈಟ್ ಉಂಗುರ (ವಯರಿನ ಗದ್ದಲ ತಗ್ಗಿಸುವ ಕಪ್ಪು ಉಂಗುರ) ತೆಗೆದು ಚಾರ್ಜರ್ ವಯರಿಗೆ ಹಾಕಿದೆ, ಸ್ವಲ್ಪವೇ ವ್ಯತ್ಯಾಸ. ಬೋರ್ಡನ್ನು ಡಿವಿಡಿ ಪೆಟ್ಟಿಗೆಯೊಳಗೆ ಕೂರಿಸಿದರೂ ಏನೂ ಆಗಲಿಲ್ಲ, ಸುಮ್ನೆ ಎರಡು ಸಂಜೆ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಸ್ಕ್ರೂ ಕೂರುವ ಜಾಗದಲ್ಲಿ ಬಣ್ಣ ಇತ್ತು, ಗ್ರೌಂಡ್ ತಗಡಿಗೆ ತಾಗುತ್ತಲೇ ಇರಲಿಲ್ಲ. ಚಾಕುವಿನಿಂದ ಬಣ್ಣ ಕೆರೆದೆ. ತಗಡು ಬೆಳ್ಳಗೆ ಹೊಳೆಯುವಷ್ಟು ಕೆರೆದು ಸ್ಕ್ರೂ ಬಿಗಿದೆ, ಮುಚ್ಚಳಕ್ಕೂ ಹಾಗೇ ಮಾಡಿದೆ. ಗರ್ ಗರ್ ನಿಂತಿತು.

ಇಷ್ಟಾಗಿ ಐಸಿಯನ್ನು ಒಂದು ಸಲವೂ ಮುಟ್ಟಲಿಲ್ಲ ನೋಡಿ. ಮಾಡುವವರು ಐಸಿ ಯಾವುದು, ಎಷ್ಟು ವ್ಯಾಟ್ ಅಂತಲೇ ಕೇಳುತ್ತಾರೆ, ನಾನೂ ಅದನ್ನೇ ಕೇಳಿದ್ದೆ. ನನ್ನ ಸಮಯವೆಲ್ಲ ಹೋಗಿದ್ದು ಕಾಯಿಲ್, ವಯರ್, ಸ್ಕ್ರೂಗಳಿಗೆ.

ಈಗ ಎರಡು ತಾಸು ಹಾಡಿದರೂ ಹೀಟ್‌ಸಿಂಕ್ ಉಗುರುಬೆಚ್ಚಗೆ ಅಷ್ಟೇ. ಅಪ್ಪನ ರೇಡಿಯೋ ನಾಲ್ಕು ಅಡಿ ದೂರದ ಕಿಟಕಿಯಲ್ಲಿದೆ, ಧಾರವಾಡ ಚೆನ್ನಾಗಿ ಬರುತ್ತದೆ. ಪೆಟ್ಟಿಗೆಯ ಮೇಲೇ ಇಟ್ಟರೆ ಇನ್ನೂ ಸಣ್ಣಗೆ ಗುಂಯ್ ಅನ್ನುತ್ತದೆ. ಮುಂದಿನ ವಾರ ಸ್ಪೀಕರ್ ವಯರ್ ಹೊರಗೆ ಬರುವ ಜಾಗಕ್ಕೂ ಒಂದೊಂದು ಫೆರೈಟ್ ಉಂಗುರ ಹಾಕಿ ನೋಡುತ್ತೇನೆ.